ಉಣುಗಿನ ಕಾಲ, ಅನುದಾನದ ಕಾಲ

ಸೊರಬದ ನಮ್ಮ ಮನೆಯಲ್ಲಿ ಕಾಡಿನಿಂದ ದರಗು (ತರಗೆಲೆ) ತಂದ ದಿನ ಅಮ್ಮ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಿವಿಯ ಹಿಂದೆ, ಮಂಡಿಯ ಸಂದಿನಲ್ಲಿ ಉಣುಗು ಹುಡುಕುತ್ತಿದ್ದಳು. ಈಗ ಪುಣೆಯ ಕಾಲೇಜೊಂದರಲ್ಲಿ ಅದೇ ಉಣುಗನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ನನ್ನ ಕೆಲಸ.

ಈ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಸಂಶೋಧನೆಗೆ ಔಷಧ ಕಂಪನಿಗಳು ತಾವಾಗಿ ಹಣ ಹಾಕುವುದಿಲ್ಲ. ರೋಗಿಗಳು ವರ್ಷಕ್ಕೆ ಕೆಲವು ನೂರು ಜನ, ಅವರಲ್ಲಿ ಹೆಚ್ಚಿನವರು ಕಾಡಂಚಿನ ಬಡವರು. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಆ ವೈರಸ್ಸನ್ನು ಪತ್ತೆ ಹಚ್ಚಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದನ್ನು 1952ರಲ್ಲಿ ಸರ್ಕಾರದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಸ್ಥಾಪಿಸಿದ್ದವು. ಪ್ರತಿಷ್ಠಾನ ಹಿಂದೆ ಸರಿದ ಮೇಲೂ ಕೇಂದ್ರ ಮುಚ್ಚಲಿಲ್ಲ. ಐಸಿಎಂಆರ್ ಹಣದಲ್ಲೇ ಬೆಳೆದು ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಸರ್ಕಾರ ಕೈಬಿಟ್ಟಿದ್ದರೆ ನಮ್ಮೂರಿನ ಜ್ವರವನ್ನು ಕೇಳುವವರೇ ಇರುತ್ತಿರಲಿಲ್ಲ.

ಸಂಶೋಧನಾ ಅನುದಾನಕ್ಕೆ ನಾನು ಅರ್ಜಿ ಹಾಕಿದ್ದು ಕೇಂದ್ರ ಸರ್ಕಾರದ ಬೇರೊಂದು ಸಂಸ್ಥೆಗೆ. ಮೊದಲ ಅರ್ಜಿ ತಿರಸ್ಕೃತವಾಯಿತು. ವೈರಸ್ಸನ್ನೇ ಬೆಳೆಸುತ್ತೇನೆ ಎಂದು ಬರೆದಿದ್ದೆ. ಅದಕ್ಕೆ ಬೇಕಾದ ಅತಿ ಭದ್ರ ಪ್ರಯೋಗಾಲಯ ಕಾಲೇಜಿನಲ್ಲಿಲ್ಲ. ಪರಿಶೀಲಕರು ಹೇಳಿದ್ದು ಸರಿಯಾಗಿತ್ತು. ಎರಡನೆಯ ಬಾರಿ ಒಂದೇ ಪ್ರಶ್ನೆ ಇಟ್ಟುಕೊಂಡೆ. 2015ರಲ್ಲಿ ಕಾಯಿಲೆ ಕಾಣಿಸಿಕೊಂಡ ಗೋವೆಯ ಸತ್ತರಿ ತಾಲ್ಲೂಕಿನ ಗೇರು ತೋಟಗಳಲ್ಲಿ ಯಾವ ಜಾತಿಯ ಉಣುಗು ಯಾವ ತಿಂಗಳಲ್ಲಿ ಎಷ್ಟಿರುತ್ತದೆ? ಅದಕ್ಕೆ ಮಂಜೂರಾತಿ ಸಿಕ್ಕಿತು.

ಆದರೆ ಮೊದಲ ಕಂತು ಬಂದದ್ದು ಫೆಬ್ರವರಿ ಕೊನೆಗೆ. ರೋಗ ಹರಡುವ ಎಳೆಯ ಉಣುಗುಗಳ ಕಾಲ ನವೆಂಬರಿನಿಂದ ಮೇ ತನಕ. ಸಹಾಯಕನ ನೇಮಕ, ಅರಣ್ಯ ಇಲಾಖೆಯ ಅನುಮತಿ, ಜೈವಿಕ ಸುರಕ್ಷಾ ಸಮಿತಿಯ ಸಭೆ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಇಡೀ ಒಂದು ವರ್ಷದ ಮಾದರಿಗಳು ಕೈತಪ್ಪಿದವು. ಅತ್ತ ಮಾರ್ಚ್ 31ರ ಲೆಕ್ಕದಲ್ಲಿ ಹಣವೆಲ್ಲ ಹಾಗೆಯೇ ಉಳಿದಿತ್ತು. ಖರ್ಚಾಗದ ಹಣಕ್ಕೆ ಕಾರಣ ಬರೆದುಕೊಟ್ಟು, ಮುಂದಿನ ವರ್ಷ ಬಳಸಲು ಅನುಮತಿ ಪಡೆಯಬೇಕಾಯಿತು.

ನನಗೆ ದಾರಿ ತೋರಿಸಿದವರು ಕಾಲೇಜಿನ ಲೆಕ್ಕಪತ್ರ ವಿಭಾಗದ ವಿಜಯಪುರದವರೊಬ್ಬರು. "ಮೇಡಂ, ಕಾಡಿಗೆ ಹೋಗುವ ತಿಂಗಳು ಯಾವುದೆಂದು ಮೊದಲು ಹೇಳಿ, ಆಮೇಲೆ ಬಜೆಟ್ ಬರೆಯೋಣ" ಎಂದರು. ಅವರೊಡನೆ ಕುಳಿತು ಏಪ್ರಿಲಿನಲ್ಲೇ ಹಣ ಬಳಕೆ ಪ್ರಮಾಣಪತ್ರ ಕಳುಹಿಸಿದೆ. ಉಣುಗು ಹಿಡಿಯುವ ಫ್ಲಾನೆಲ್ ಬಟ್ಟೆ, ಸೀಸೆ, ಆಲ್ಕೋಹಾಲ್ ಎಲ್ಲವನ್ನೂ ಮಳೆಗಾಲದಲ್ಲೇ ತರಿಸಿಟ್ಟೆ. ಅನುಮತಿಗಳ ನವೀಕರಣಕ್ಕೂ ಆಗಲೇ ಬರೆದೆ.

ಆ ಡಿಸೆಂಬರಿನಲ್ಲಿ ಸತ್ತರಿಯ ತೋಟದಲ್ಲಿ ಬಿಳಿ ಬಟ್ಟೆಯನ್ನು ತರಗೆಲೆಗಳ ಮೇಲೆ ಎಳೆದು ಮಗುಚಿದಾಗ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಹರಿದಾಡುತ್ತಿದ್ದವು. ಕೂಲಿಗೆ ಬಂದಿದ್ದ ಖಾನಾಪುರದ ಹೆಂಗಸರು ಬಗ್ಗಿ ನೋಡಿ, ತಮ್ಮ ಸೀರೆಯ ನೆರಿಗೆಗಳನ್ನು ಕೊಡವಿಕೊಂಡರು. ಮುಂದಿನ ಅರ್ಜಿಯಲ್ಲಿ ಪ್ರಯಾಣ ವೆಚ್ಚವನ್ನು ಇಮ್ಮಡಿ ಕೇಳಿದ್ದೇನೆ. ಹಣ ಯಾವಾಗ ಬೇಕು ಎಂಬಲ್ಲಿ "ಅಕ್ಟೋಬರಿಗೆ ಮೊದಲು" ಎಂದು ಬರೆದು, ಕಾರಣವಾಗಿ ಆ ವರ್ಷದ ತಿಂಗಳುವಾರು ಉಣುಗಿನ ಎಣಿಕೆಯನ್ನು ಲಗತ್ತಿಸಿದ್ದೇನೆ.