ಜಾಕ್ ಏರಿತು, ಕಾರು ಏರಲಿಲ್ಲ

2019ರ ಜುಲೈ. ಹುಲಿಕಲ್ ಘಾಟಿ ಹತ್ತಿ ಮಾಸ್ತಿಕಟ್ಟೆ ಕಡೆ ಬರುತ್ತಿದ್ದಾಗ ಹಿಂದಿನ ಎಡ ಚಕ್ರ ಪಂಕ್ಚರ್ ಆಯಿತು. ಹಿಡಿದರೆ ಬಿಡದ ಮಳೆ. ಹೆಂಡತಿ ಕೊಡೆ ಹಿಡಿದು ನಿಂತಿದ್ದಳು, ನಾನು ಸ್ಟೆಪ್ನಿ ಇಳಿಸಿ, ಜಾಕ್ ಇಡುವ ಜಾಗದಲ್ಲೇ ಜಾಕ್ ಇಟ್ಟು ತಿರುಗಿಸತೊಡಗಿದೆ. ಜಾಕ್ ಮೇಲೇರುತ್ತಿತ್ತು, ಕಾರು ಮಾತ್ರ ಇದ್ದಲ್ಲೇ ಇತ್ತು. ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಜಾಕಿನ ತಲೆ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಒಳಗೆ ನಾಲ್ಕು ಬೆರಳು ಹೋಗಿ ಕೂತಿತ್ತು. ಅಲ್ಲಿಂದ ತಗಡಿನ ಬದಲು ಕಂದು ಬಣ್ಣದ ಹುಡಿ ಉದುರುತ್ತಿತ್ತು.

ಕಾರು ಕೊಂಡು ಎರಡು ತಿಂಗಳಾಗಿತ್ತು.

ಕುಂದಾಪುರದ ದಕ್ಷಿಣಕ್ಕೆ, ಸಮುದ್ರದಿಂದ ಕೂಗಳತೆಯಲ್ಲಿದ್ದ ಮನೆಯೊಂದರಿಂದ ಕೊಂಡ 2009ರ ಸಣ್ಣ ಪೆಟ್ರೋಲ್ ಕಾರು ಅದು. ಮಾರಿದವರು ನಿವೃತ್ತರು, ಒಬ್ಬರೇ ಮಾಲೀಕರು, 62,000 ಕಿಲೋಮೀಟರ್ ಓಡಿತ್ತು. ದರ 1,35,000 ರೂಪಾಯಿ. ಎಂಜಿನ್ ಕೇಳಿದೆ, ಕ್ಲಚ್ ನೋಡಿದೆ, ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದೆ, ಎಲ್ಲವೂ ಚೆನ್ನಾಗಿತ್ತು. ಕಡಲ ತಡಿಯ ಗಾಡಿ ಎಂಬ ಅಳುಕಿನಿಂದ ಕೇಳಿಯೂ ಕೇಳಿದೆ, "ತುಕ್ಕು ಏನಾದ್ರೂ ಇದೆಯಾ?"

"ಎಂತದ್ದೂ ಇಲ್ಲ ಮಾಷ್ಟ್ರೇ. ಅಡಿಗೆ ಕೋಟಿಂಗ್ ಸಮೇತ ಮಾಡ್ಸಿದ್ದೆ, ಬಗ್ಗಿ ನೋಡಿ."

ಬಗ್ಗಿ ನೋಡಿದೆ. ಅಡಿಭಾಗವೆಲ್ಲ ಹೊಸ ಕಪ್ಪು ಬಣ್ಣದಿಂದ ಮಿರಮಿರ ಹೊಳೆಯುತ್ತಿತ್ತು. ಎಂಥ ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ. ಹತ್ತು ವರ್ಷ ಹಳೆಯ ಕಾರಿನ ಹೊಟ್ಟೆ ಯಾಕೆ ಹೊಸದಾಗಿ ಹೊಳೆಯಬೇಕು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಆ ರಾತ್ರಿ ಲಾರಿಯವರೊಬ್ಬರು ದೊಡ್ಡ ಜಾಕ್ ಕೊಟ್ಟು, ಆಕ್ಸಲಿಗೇ ಆನಿಸಿ ಚಕ್ರ ಬದಲಿಸಿಕೊಟ್ಟರು. ಮರುದಿನ ಬೆಳಿಗ್ಗೆ ಹೊಸನಗರದಲ್ಲಿ ನಮ್ಮ ಪರಿಚಯದ ಟಿಂಕರಿಂಗ್ ಮೇಸ್ತ್ರಿಯ ಶೆಡ್ಡಿಗೆ ನಿಧಾನಕ್ಕೆ ಓಡಿಸಿಕೊಂಡು ಹೋದೆ. ಅವರು ವೈರ್ ಬ್ರಶ್ಶಿನಿಂದ ಆ ಕಪ್ಪು ಪದರವನ್ನು ಕೆರೆದ ಹಾಗೆ ಕೆಳಗಿನ ಕಥೆ ಬಿಚ್ಚಿಕೊಳ್ಳುತ್ತಾ ಹೋಯಿತು. ಕಪ್ಪಿನ ಕೆಳಗೆ ಪುಟ್ಟಿ. ಪುಟ್ಟಿಯ ಕೆಳಗೆ ರಿವೆಟ್ ಹೊಡೆದು ಕೂರಿಸಿದ ತೆಳ್ಳನೆ ತಗಡು. ಅದನ್ನು ಎಬ್ಬಿಸಿದರೆ ಕೆಳಗೆ ಏನೂ ಇಲ್ಲ. "ಇಲ್ಲಿ ಬಾಡಿನೇ ಇಲ್ಲ ಮೇಷ್ಟ್ರೇ" ಎಂದು ಅವರು ಸ್ಕ್ರೂಡ್ರೈವರ್ ಚುಚ್ಚಿದರೆ ಅದು ಹಿಡಿಯವರೆಗೂ ಒಳಗೆ ಹೋಯಿತು. ನನ್ನ ಎದೆ ಧಸಕ್ಕೆಂದದ್ದು ಆಮೇಲೆ. ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಜಾಗದ ಸುತ್ತಲೂ ಅದೇ ಸ್ಥಿತಿ ಇತ್ತು. ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿದು ಹತ್ತಿದ್ದೆ.

ಇಂಥ ಕಾರುಗಳಿಗೆ ಜೀಪು, ಲಾರಿಗಳ ಹಾಗೆ ಬೇರೆ ಚಾಸಿ ಇರುವುದಿಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಎಂದರೆ ಎರಡು ಮೂರು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿದ ಪೆಟ್ಟಿಗೆ. ಗಾಡಿಯ ಬಿಗಿ ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆ. ಒಳಗೆ ಹೋದ ನೀರು ಹೊರಬರಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಕೆಸರು ಅವನ್ನು ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಕಡಲ ಗಾಳಿಯ ಉಪ್ಪು ಬೇರೆ ಸೇರಿದರೆ ಮಳೆಯೇ ಬೇಕಿಲ್ಲ, ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಂಡು ಕಬ್ಬಿಣವನ್ನು ಸದಾ ಒದ್ದೆಯಾಗಿಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಎರಡು ತಗಡು ಸೇರುವ ಅಂಚು ಊದಿಕೊಂಡು ಬಿಡುತ್ತಾ ಬರುತ್ತದೆ. ಹೊರಗಿನ ಬಣ್ಣದಲ್ಲಿ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗಡೆ ಕೆಲಸ ಮುಗಿದಿರುತ್ತದೆ. ಅದರ ಮೇಲೆ ಕೋಟಿಂಗ್ ಬಳಿದರೆ ಪಸೆಯನ್ನು ಒಳಗೇ ಕೂಡಿಹಾಕಿದ ಹಾಗೆ.

ರಿಪೇರಿಗೆ ಹನ್ನೊಂದು ದಿನ ಹಿಡಿಯಿತು. ಸೀಟು, ಕಾರ್ಪೆಟ್, ಪೆಟ್ರೋಲ್ ಟ್ಯಾಂಕ್ ಎಲ್ಲ ಇಳಿಸಿ, ಬ್ಯಾಟರಿ ಕಳಚಿ, ಗಟ್ಟಿ ತಗಡು ಸಿಗುವ ತನಕ ಕತ್ತರಿಸಿದರು. 18 ಗೇಜಿನ ಹೊಸ ತಗಡು ಬಗ್ಗಿಸಿ ಸಿಓಟು ಎಂಬ, ವಿದ್ಯುತ್ತಿನಿಂದ ಮಾಡುವ ವೆಲ್ಡಿಂಗ್ ಮಾಡಿದರು. ಗ್ಯಾಸ್ ವೆಲ್ಡಿಂಗ್ ಅಗ್ಗವಾಗಿತ್ತು, ಆದರೆ ಆ ಶಾಖಕ್ಕೆ ಸುತ್ತಲ ತಗಡು ಸೊಟ್ಟಗಾಗುತ್ತದೆ ಎಂದು ಮೇಸ್ತ್ರಿ ಒಪ್ಪಲಿಲ್ಲ. ಸೇರುವ ಅಂಚಿಗೆ ಜಿಂಕ್ ಪ್ರೈಮರ್, ಮೇಲೆ ಸೀಲರ್, ಕೊನೆಗೆ ಪೆಟ್ಟಿಗೆಯ ಒಳಕ್ಕೆ ತೂತಿನ ಮೂಲಕ ಮೇಣದ ಸ್ಪ್ರೇ. ಎಲ್ಲ ಸೇರಿ 38,000 ರೂಪಾಯಿ. ಪ್ರತಿ ಹಂತದಲ್ಲೂ ಫೋಟೊ ತೆಗೆದಿಟ್ಟುಕೊಂಡೆ, ಕತ್ತರಿಸಿದ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿಟ್ಟುಕೊಂಡೆ. ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಇದೊಂದೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ವಕೀಲ. ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದು ಸಿಟ್ಟಿನಲ್ಲಿ ಅವನ ಮುಂದೆ ಕೂತೆ. "ಅಲ್ಲಿ ಆಗಲ್ಲ ಸರ್, ಅವರು ವ್ಯಾಪಾರಿ ಅಲ್ಲ, ಸ್ವಂತ ಕಾರು ಮಾರಿದವರು" ಎಂದ. 1930ರ ಸರಕು ಮಾರಾಟ ಕಾಯ್ದೆಯಲ್ಲೂ, ಹೇಳದೆಯೇ ಸಿಗುವ ಗುಣಮಟ್ಟದ ಭರವಸೆ ಇರುವುದು ಅದೇ ವ್ಯಾಪಾರ ಮಾಡುವವರಿಂದ ಕೊಂಡಾಗ. ಮನೆಯವರಿಂದ ಮನೆಯವರು ಕೊಂಡರೆ ನೋಡಿಕೊಳ್ಳುವ ಹೊಣೆ ಕೊಂಡವನದ್ದೇ. ಉಳಿಯುವ ದಾರಿ 1872ರ ಕರಾರು ಕಾಯ್ದೆಯ 17 ಮತ್ತು 19ನೇ ಕಲಂ. ಅವನು ಬಿಡಿಸಿ ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗೊತ್ತಿದ್ದೂ ಸುಮ್ಮನಿರುವುದು ಸಾಮಾನ್ಯವಾಗಿ ಮೋಸವಲ್ಲ. ಮೌನವೇ ಮೋಸವಾಗುವ ಸಂದರ್ಭದಲ್ಲೂ, ಸಾಧಾರಣ ಎಚ್ಚರ ವಹಿಸಿದ್ದರೆ ಕೊಂಡವನಿಗೆ ನಿಜ ತಿಳಿಯಬಹುದಿತ್ತು ಎಂದಾದರೆ ಕರಾರು ಮುರಿಯುವ ಹಕ್ಕು ಸಿಗದು. ಆದರೆ ಗೊತ್ತಿರುವ ದೋಷವನ್ನು ಕೈಯಾರೆ ಮುಚ್ಚಿಡುವುದನ್ನು ಕಾಯ್ದೆ ನೇರವಾಗಿ ಮೋಸದ ಪಟ್ಟಿಯಲ್ಲಿ ಸೇರಿಸಿದೆ. ತುಕ್ಕಿನ ಬಗ್ಗೆ ಅವರು ಬಾಯಿ ಬಿಡದೇ ಇದ್ದಿದ್ದರೆ ಒಂದು ಮಾತು. ರಿವೆಟ್ ಹೊಡೆಸಿ, ಪುಟ್ಟಿ ಮೆತ್ತಿಸಿ, ಕಪ್ಪು ಬಳಿಸಿ, ಆಮೇಲೆ "ಎಂತದ್ದೂ ಇಲ್ಲ" ಎಂದಿದ್ದರು.

ಸಾಬೀತು ಮಾಡುವುದು ಬೇರೆ ಮಾತು. ನಾವು ಅಂಗಡಿಯಿಂದ ತಂದ ಅಚ್ಚಿನ ಫಾರಂ ತುಂಬಿ ಸಹಿ ಹಾಕಿದ್ದೆವು. ಅದರಲ್ಲಿ "ವಾಹನವನ್ನು ಇದ್ದ ಸ್ಥಿತಿಯಲ್ಲಿ ಪರಿಶೀಲಿಸಿ ಒಪ್ಪಿ ಪಡೆದಿರುತ್ತೇನೆ" ಎಂಬ ಸಾಲಿತ್ತು. ಆ ಸಾಲು ಮೋಸವನ್ನು ಸಕ್ರಮ ಮಾಡುವುದಿಲ್ಲ, ಆದರೆ "ನಾನು ಕೇಳಿದ್ದೆ, ಅವರು ಇಲ್ಲ ಎಂದರು" ಎನ್ನುವುದಕ್ಕೆ ನನ್ನ ಬಳಿ ಒಂದು ಅಕ್ಷರವೂ ಇರಲಿಲ್ಲ.

ಇನ್ನೊಂದನ್ನೂ ಅವನು ಕೇಳಿದ. "ಆರ್‌ಸಿ ನಿಮ್ಮ ಹೆಸರಿಗೆ ಆಯ್ತಾ ಸರ್?" ಆಗಿರಲಿಲ್ಲ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾಲೀಕತ್ವ ವರ್ಗಾವಣೆಯ 29, 30ನೇ ಫಾರಂಗಳು ಸಹಿಯಾಗಿ ನನ್ನ ಬೀರುವಿನಲ್ಲೇ ಇದ್ದವು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಆ ಆಕ್ಸಲ್ ಕಿತ್ತು ನಾನು ಯಾರಿಗಾದರೂ ಗುದ್ದಿದ್ದರೆ ಕುಂದಾಪುರದ ಆ ಹಿರಿಯರು ಪರಿಹಾರಕ್ಕೆ ಹೊಣೆಯಾಗಬೇಕಿತ್ತು. ಅವರ ತಪ್ಪನ್ನು ಎಣಿಸುತ್ತಾ ಕೂತಿದ್ದ ನನಗೆ ನನ್ನ ಉದಾಸೀನ ಆಗ ಕಣ್ಣಿಗೆ ಬಿತ್ತು. ಮರುದಿನವೇ ಅರ್ಜಿ ಕೊಟ್ಟೆ.

ಆಮೇಲೆ ಕುಂದಾಪುರಕ್ಕೆ ಹೋದೆ, ಜಗಳಕ್ಕಲ್ಲ. ಜಗುಲಿಯಲ್ಲಿ ಕೂತು ಫೋಟೊ ತೋರಿಸಿದೆ, ಪೇಪರ್ ಬಿಚ್ಚಿ ಆ ತುಂಡನ್ನು ಮೇಜಿನ ಮೇಲಿಟ್ಟೆ. "ನೀವು ನೋಡಿಯೇ ತಕೊಂಡದ್ದಲ್ವಾ ಮಾಷ್ಟ್ರೇ" ಎಂದರು. ಆಕ್ಸಲಿನ ಫೋಟೊ ನೋಡಿದ ಮೇಲೆ ಸುಮ್ಮನಾದರು. ಅಷ್ಟು ಆಳಕ್ಕೆ ಹೋಗಿದೆ ಎಂದು ಗ್ಯಾರೇಜಿನವರು ತಮಗೆ ಹೇಳಲಿಲ್ಲ ಎಂದರು. ಅದು ನಿಜವೂ ಇರಬಹುದು, ನನಗೆ ಹಾಗೆ ನಂಬಬೇಕೆನಿಸಿತು. ವಾರದ ನಂತರ ಅವರ ಮಗ ಫೋನ್ ಮಾಡಿ 15,000 ರೂಪಾಯಿ ಕಳಿಸಿದರು. ನಾನು ಅಲ್ಲಿಗೆ ಮುಗಿಸಿದೆ.

ಅಂದಿನಿಂದ ಊರಲ್ಲಿ ಯಾರು ಹಳೆ ಗಾಡಿ ಕೊಳ್ಳುವುದಿದ್ದರೂ ನನ್ನನ್ನು ಕರೆಯುತ್ತಾರೆ. ಮೊದಲು ವಾಟರ್ ಸರ್ವಿಸ್ ರ‍್ಯಾಂಪಿಗೆ ಹತ್ತಿಸುತ್ತೇನೆ, ಅದಕ್ಕೆ ಒಪ್ಪದವರ ಗಾಡಿ ಬೇಡ ಎನ್ನುತ್ತೇನೆ. ಹೊಸ ಕಪ್ಪು ಕಂಡರೆ ಮಾಲೀಕರ ಅನುಮತಿ ಕೇಳಿ ಒಂದು ಕಡೆ ಕೆರೆಯುತ್ತೇನೆ. ರನ್ನಿಂಗ್ ಬೋರ್ಡಿನ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ಪುಟ್ಟಿ ಮಂಕಾಗಿ ಡಬ್ ಎನ್ನುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಪುಟ್ಟಿಗೆ ಕಚ್ಚುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ, ಮುಂದಿನ ಕಾರ್ಪೆಟ್ ಎತ್ತಿ ಕಾಲಿಡುವ ಜಾಗ, ಬಾನೆಟ್ ಎತ್ತಿ ಸಸ್ಪೆನ್ಷನ್ನಿನ ತುದಿ ಕೂರುವ ಗುಮ್ಮಟದಂಥ ಜಾಗ, ಸೀಟ್ ಬೆಲ್ಟ್ ಕಚ್ಚಿದ ಬೋಲ್ಟಿನ ಸುತ್ತ, ಬ್ರೇಕ್ ಪೈಪು, ಬಾಗಿಲ ತಳದ ರಬ್ಬರಿನ ಸಂದು. ನಂತರ ಮಾರುವವರಿಗೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ ಕಳಿಸಲು ಹೇಳುತ್ತೇನೆ: "ತುಕ್ಕಿಗೆ ಎಲ್ಲಾದರೂ ಪ್ಯಾಚ್, ವೆಲ್ಡಿಂಗ್, ಪುಟ್ಟಿ ಮಾಡಿಸಿದ್ದೀರಾ?" ಉತ್ತರ ಬರಹದಲ್ಲಿ ಬರಲಿ. ಫೋನ್ ಮಾಡಿ ಬಾಯಲ್ಲೇ ಹೇಳುತ್ತೇನೆ ಎನ್ನುವವರಿದ್ದಾರೆ, ಆಗ ನಾನು ಇನ್ನೊಂದು ಸಲ ಗಾಡಿಯ ಕೆಳಗೆ ನುಸುಳುತ್ತೇನೆ.

2022ರಲ್ಲಿ ಆ ಕಾರನ್ನು ನಾನೇ ಮಾರಬೇಕಾಯಿತು. ನೋಡಲು ಬಂದದ್ದು ರಿಪ್ಪನ್‌ಪೇಟೆ ಕಡೆಯ ಹುಡುಗ, ಜೊತೆಗೆ ಅವನ ಅಪ್ಪ. ಕೀ ಕೊಡುವ ಮೊದಲು ಫೋಟೊಗಳ ಪ್ರಿಂಟು, ಮೇಸ್ತ್ರಿಯ ಬಿಲ್ಲು ತೆಗೆದಿಟ್ಟೆ. ಎಲ್ಲೆಲ್ಲಿ ಕತ್ತರಿಸಿದೆ, ಎಲ್ಲೆಲ್ಲಿ ಹೊಸ ತಗಡು, 2024ಕ್ಕೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಎಫ್‌ಸಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ) ಮಾಡಿಸಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ ಎಂದೆ.

"ಇಷ್ಟೆಲ್ಲ ಹೇಳಿದ್ರೆ ಯಾರು ತಗೊಳ್ತಾರೆ ಸರ್?" ಎಂದ ಹುಡುಗ.

ಅಪ್ಪ ಮಾತಾಡಲಿಲ್ಲ. ಪೇಪರಿನಲ್ಲಿದ್ದ ಆ ಹಳೆಯ ತುಂಡನ್ನು ಎತ್ತಿ ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿದರು. ನಾನು ಟಾರ್ಚ್ ಹಿಡಿದೆ.