ಅಜ್ಜ-ಅಜ್ಜಿಯ ಮಾತ್ರೆಯ ಹಾಳೆ ಬರೆಯುವುದು ಹೇಗೆ?

ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು ಮೊದಲು ಕೇಳುವುದರಲ್ಲಿ ಒಂದು, 'ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?' ಬೆಂಗಳೂರಿನಲ್ಲೂ ತಾಲ್ಲೂಕು ಆಸ್ಪತ್ರೆಯಲ್ಲೂ ನಾನು ಕೇಳಿರುವ ಉತ್ತರ ಒಂದೇ: 'ಬಿಪಿಗೆ ಒಂದು ಬಿಳಿ ಮಾತ್ರೆ, ಶುಗರ್‌ಗೆ ಇನ್ನೊಂದು.' ಆದ್ದರಿಂದ ಎಲ್ಲರೂ ಚೆನ್ನಾಗಿರುವಾಗಲೇ ಒಂದು ಹಾಳೆ ಬರೆದಿಡಿ.

ಮೊದಲು ಮನೆಯಲ್ಲಿರುವ ಅವರ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಸುರಿಯಿರಿ. ದಿಂಬಿನಡಿಯ ನೋವಿನ ಮಾತ್ರೆ, ಆಯುರ್ವೇದದ ಪುಡಿ ಎಲ್ಲವೂ ಬರಲಿ.

ಎಡವುವುದು ಮುಂದಿನ ಹಂತದಲ್ಲಿ. ಕಂಪನಿಯ ಹೆಸರಷ್ಟೇ ಸಾಲದು. ಮಾತ್ರೆಯ ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಲ್ಲವನ್ನೂ ಬರೆಯಿರಿ. ಕತ್ತರಿಸಿದ ತುಂಡಿನಲ್ಲಿ ಹೆಸರೇ ಇಲ್ಲದಿದ್ದರೆ ಅಂಗಡಿಯ ಬಿಲ್ ಹುಡುಕಿ. ವಾರದ ದಿನಗಳ ಗೂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯನ್ನು ನಾನಂತೂ ಮನೆಗೆ ಸೇರಿಸುವುದಿಲ್ಲ, ಅದರೊಳಗೆ ಹೋದ ಮಾತ್ರೆಗೆ ಹೆಸರಿರುವುದಿಲ್ಲ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳಿದ್ದರೆ ಮೇಲ್ಗಡೆ ಕೆಂಪು ಶಾಯಿಯಲ್ಲಿ ಬರೆಯಿರಿ. ಇವನ್ನು ತೆಗೆದುಕೊಳ್ಳುವವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರೆ, ಎದ್ದು ಕಾಫಿ ಕುಡಿದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ರಕ್ತಸ್ರಾವ ತಡವಾಗಿಯೂ ಕಾಣಿಸಿಕೊಳ್ಳಬಹುದು. ಸಕ್ಕರೆ ಇಳಿಸುವ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನ ಪಕ್ಕದಲ್ಲೂ ಗುರುತು ಹಾಕಿ. ಅವನ್ನು ತೆಗೆದುಕೊಂಡು ಊಟ ಬಿಟ್ಟವರಿಗೆ ಸಕ್ಕರೆ ತೀರಾ ಇಳಿದರೆ ಮಾತು ತೊದಲಬಹುದು, ನೋಡಲು ಪಾರ್ಶ್ವವಾಯುವಿನಂತೆಯೇ ಕಾಣಬಹುದು.

ಕೊನೆಯಲ್ಲಿ ಅವರ ಸಹಜ ಸ್ಥಿತಿಯ ಬಗ್ಗೆ ಎರಡು ಸಾಲು: ಕೋಲು ಹಿಡಿದು ನಡೆಯುತ್ತಾರೆಯೇ, ಮಕ್ಕಳನ್ನು ಗುರುತಿಸುತ್ತಾರೆಯೇ? ನಿನ್ನೆಯವರೆಗೆ ಪೇಪರ್ ಓದುತ್ತಿದ್ದವರು ಇಂದು ತಬ್ಬಿಬ್ಬಾಗಿದ್ದರೆ ಮೂತ್ರದ ಸೋಂಕೋ ನ್ಯುಮೋನಿಯಾವೋ ಇರಬಹುದು. ಇದನ್ನು ಬರೆಯದಿದ್ದರೆ 'ವಯಸ್ಸಾಯಿತಲ್ಲ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹಳೆಯ ಇಸಿಜಿ ಇದ್ದರೆ ಜೊತೆಗಿಡಿ. ಹಾಳೆಗೆ ಲ್ಯಾಮಿನೇಷನ್ ಬೇಡ, ತಿದ್ದಬೇಕಾಗುತ್ತದೆ. ಮನೆಯ ಎಲ್ಲರ ಮೊಬೈಲಿನಲ್ಲೂ ಅದರ ಫೋಟೊ ಇರಲಿ.

ಆಸ್ಪತ್ರೆಗೆ ಹೊರಡಬೇಕಾದಾಗ 108 ಆಂಬುಲೆನ್ಸ್‌ಗೆ ಕರೆ ಮಾಡಿ. ಮಧುಮೇಹ ಇರುವ ಹಿರಿಯರಿಗೆ ಎದೆನೋವೇ ಇಲ್ಲದೆ ಬರೀ ಬೆವರು, ಏದುಸಿರು, ಸುಸ್ತಿನ ರೂಪದಲ್ಲೂ ಹೃದಯಾಘಾತ ಕಾಣಿಸಿಕೊಳ್ಳಬಹುದು. 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. ಹಳ್ಳಿಯವರು ಗ್ಲೂಕೋಸ್ ಏರಿಸುವ ಸಣ್ಣ ಕ್ಲಿನಿಕ್‌ನಲ್ಲಿ ಗಂಟೆಗಟ್ಟಲೆ ಕಳೆಯುವುದೂ ಬೇಡ, ಬೆಂಗಳೂರಿನಿಂದ ಮಗ ಬರಲೆಂದು ಕಾಯುವುದೂ ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡುತ್ತಾರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ಸಿಗುತ್ತದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಆ ಲೆಕ್ಕ ಅವರು ಚೆನ್ನಾಗಿದ್ದ ಕೊನೆಯ ಕ್ಷಣದಿಂದ. ಆ ಸಮಯವನ್ನು ಅಂಗೈ ಮೇಲಾದರೂ ಬರೆದುಕೊಳ್ಳಿ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ.

ಕನ್ನಡಕ, ಶ್ರವಣಯಂತ್ರ, ಆಧಾರ್, ರೇಷನ್ ಕಾರ್ಡ್ ಚೀಲಕ್ಕೆ ಹಾಕಿ.

ಆಸ್ಪತ್ರೆಯಲ್ಲಿ ಮನೆಯವರ ಪರವಾಗಿ ಒಬ್ಬರೇ ಮಾತಾಡಿ. ಮನೆಗೆ ಕಳಿಸುವಾಗ ಯಾವ ಮಾತ್ರೆ ನಿಂತಿತು, ಯಾವುದು ಹೊಸದು ಎಂದು ಕೇಳಿ, ಅಂದೇ ಹೊಸ ಹಾಳೆ ಬರೆದು ಹಳೆಯದನ್ನು ಹರಿದುಹಾಕಿ.