ಎರಡು ‘ನಾರ್ಮಾ’ಗಳ ನಡುವೆ ಆರು ವರ್ಷ

ನಮ್ಮ ಮನೆಯ ಮಹಡಿಯ ಮೇಲೆ ತಿಂಗಳಿಗೊಂದು ಭಾನುವಾರ ಸಂಜೆ ಹದಿನೈದಿಪ್ಪತ್ತು ಜನ ಸೇರಿ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತೇವೆ. ಎರಡು ಜಮಖಾನ, ಮಂಡಿನೋವಿನವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನನ್ನ ಲ್ಯಾಪ್‌ಟಾಪ್, ಒಂದು ಜೊತೆ ಸ್ಪೀಕರ್, ಕೊನೆಯಲ್ಲಿ ಕಾಫಿ. ಬರುವವರಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತದ ಕಿವಿಯವರು. ಒಮ್ಮೆ ಯಾರೋ “ಒಪೆರಾ ಎಂದರೆ ಏನೆಂದು ಒಂದು ದಿನ ತಿಳಿಸಿಕೊಡಬಾರದೇ?” ಎಂದರು. ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ, ಅದರ ಗಾಯಕಿ ಮರಿಯಾ ಕಾಲಸ್ ಅವರ ಹಾಡುಗಾರಿಕೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ, ಜಂಬದಿಂದಲೇ ಒಪ್ಪಿಕೊಂಡೆ.

ಮೊದಲ ಸಲ ಮಾಡಿದ್ದು ಕೆಟ್ಟಿತು. ಕೆಟ್ಟಿದ್ದು ನನಗೆ ಆಗ ಗೊತ್ತಾಗಲಿಲ್ಲ, ಏಕೆಂದರೆ ಎಲ್ಲರೂ ಮೆಚ್ಚಿಕೊಂಡಿದ್ದರು. ಬೇಡದ ಮಗುವಾಗಿ ಹುಟ್ಟಿದ್ದು, ತಾಯಿಯ ಕಾಟ, ಮುದಿ ಗಂಡ, ಹಡಗುಗಳ ಒಡೆಯನಾದ ಕೋಟ್ಯಧೀಶ ಒನಾಸಿಸ್‌ನೊಂದಿಗಿನ ಪ್ರೇಮ, ಅವನು ಕೈಬಿಟ್ಟು ಅಮೆರಿಕದ ಅಧ್ಯಕ್ಷರ ವಿಧವೆಯನ್ನು ಮದುವೆಯಾದದ್ದು, ಪ್ಯಾರಿಸ್ಸಿನ ಮನೆಯಲ್ಲಿ ಒಂಟಿ ಸಾವು. ಒಂದೂವರೆ ಗಂಟೆಯಲ್ಲಿ ಹತ್ತು ನಿಮಿಷವೂ ಹಾಡು ಹಾಕಲಿಲ್ಲ. ಇಬ್ಬರು ಕಣ್ಣೊರೆಸಿಕೊಂಡರು. ಮೆಟ್ಟಿಲಿಳಿಯುವಾಗ ನಮ್ಮ ವೀಣೆ ಮೇಷ್ಟ್ರು ನಿಂತು, “ಏನಮ್ಮ, ಇಷ್ಟೆಲ್ಲ ಹೇಳಿದಿರಿ. ಆಕೆ ಹೇಗೆ ಹಾಡುತ್ತಿದ್ದರು ಎನ್ನುವುದನ್ನು ಮಾತ್ರ ಹೇಳಲಿಲ್ಲ” ಎಂದರು. ರಾತ್ರಿ ನಿದ್ದೆ ಬರಲಿಲ್ಲ. ಆರು ತಿಂಗಳು ಬಿಟ್ಟು ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡೆ. ಆ ಎರಡನೆಯ ಸಲದ ತಯಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಕಂಬ ಗೀಚಿದೆ. ಮೊದಲ ಕಂಬದಲ್ಲಿ ದಾಖಲೆಯಿರುವ ಸಂಗತಿಗಳು: ಯಾವ ದಿನ, ಯಾವ ಊರು, ಯಾವ ರಂಗಮಂದಿರ. ಎರಡನೆಯದರಲ್ಲಿ ಹತ್ತಿರದವರು ಹೇಳಿದ್ದು. ಮೂರನೆಯದರಲ್ಲಿ ಊರವರು ಹೇಳಿದ್ದು. ಎರಡನೆಯ ಕಂಬವೇ ಕಷ್ಟದ್ದು. ತಾಯಿ 1960ರಲ್ಲೇ ಮಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಮಗಳು ತೀರಿಕೊಂಡ ಮೇಲೆ ಗಂಡನಾಗಿದ್ದವರು ಒಂದು ಬರೆದರು, ಅಕ್ಕ ಒಂದು ಬರೆದರು. ಮೂವರಿಗೂ ಹೇಳಿಕೊಳ್ಳಲು ನೋವಿತ್ತು, ತೀರಿಸಿಕೊಳ್ಳಲು ಲೆಕ್ಕವೂ ಇತ್ತು. ಕಾಲಸ್ ಮಾತ್ರ ಆತ್ಮಕಥೆ ಬರೆದು ಮುಗಿಸಲಿಲ್ಲ. ಆಸ್ತಿ ವ್ಯಾಜ್ಯದಲ್ಲಿ ಒಬ್ಬರೇ ಹಾಜರಾಗದ ಹಾಗೆ.

ಹುಟ್ಟಿದ ದಿನದಿಂದಲೇ ತಕರಾರು. 1923ರ ಡಿಸೆಂಬರ್ 2, ನ್ಯೂಯಾರ್ಕ್ ಎಂದು ಜನನ ಪ್ರಮಾಣಪತ್ರ. ತಾಯಿಯ ನೆನಪಿನಲ್ಲಿ ಅದು 4. ತೂಕ ಇಳಿಸಲು ಲಾಡಿಹುಳು ನುಂಗಿದರಂತೆ ಎಂಬ ಕಥೆ ಮೂರನೆಯ ಕಂಬಕ್ಕೆ ಹೋಯಿತು. 1960ರಲ್ಲಿ ಹುಟ್ಟಿ ಅಂದೇ ತೀರಿಕೊಂಡಿತೆನ್ನಲಾದ ಗುಟ್ಟಿನ ಮಗುವಿನ ಕಥೆಯೂ ಅಲ್ಲಿಗೇ. ಮೊದಲ ಸಲ ಅತಿ ಹೆಚ್ಚು ಕಣ್ಣೀರು ತರಿಸಿದ್ದು ಆ ಮಗುವೇ. ಹೌದೆನ್ನುವವರಿದ್ದಾರೆ, ಸುಳ್ಳೆನ್ನುವವರೂ ಇದ್ದಾರೆ, ನಾನು ಕೈಬಿಟ್ಟೆ.

ಕನ್ನಡದಲ್ಲಿ ಇನ್ನೊಂದು ತೊಡಕು ಕಾದಿತ್ತು. ಏಳು ವರ್ಷದ ಹುಡುಗಿಯನ್ನು ‘ಅವರು’ ಎಂದರೆ ನಗು ಬರುತ್ತದೆ. ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದ ರಾಣಿಯನ್ನು ‘ಅವಳು’ ಎನ್ನಲು ನಾಲಗೆ ಏಳುವುದಿಲ್ಲ. ಯಾವ ವಯಸ್ಸಿನಲ್ಲಿ ‘ಅವಳು’ ಬಿಟ್ಟು ‘ಅವರು’ ಹಿಡಿಯುವುದು? ಬರೆಯುತ್ತ ಬರೆಯುತ್ತ ಒಂದನ್ನು ಗಮನಿಸಿದೆ: ಮೊದಲ ಸಲದ ಟಿಪ್ಪಣಿಯಲ್ಲಿ ಒನಾಸಿಸ್ ಬಂದ ಕೂಡಲೇ ನಾನು ಮತ್ತೆ ‘ಅವಳು’ ಎಂದು ಬರೆದಿದ್ದೆ. ಮೂವತ್ತೈದು ವರ್ಷದ, ಜಗತ್ಪ್ರಸಿದ್ಧ ಕಲಾವಿದೆ ಪ್ರೀತಿಸಿದಳು ಎನ್ನುವಷ್ಟಕ್ಕೇ ನನ್ನ ಕೈ ಮರ್ಯಾದೆ ಕಡಿಮೆ ಮಾಡಿತ್ತು. ಈ ಸಲ ಉದ್ದಕ್ಕೂ ‘ಆಕೆ’ ಎಂದೇ ಇಟ್ಟುಕೊಂಡೆ, ಕ್ರಿಯಾಪದಕ್ಕೆ ಬಹುವಚನ.

ತಾಯಿಯ ಭಾಗವನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದೆ. ಎವಾಂಜೆಲಿಯಾ ಗ್ರೀಸಿನಿಂದ ಅಮೆರಿಕಕ್ಕೆ ಹಡಗು ಹತ್ತಿದಾಗ ಬಸುರಿ. ಅದಕ್ಕೆ ಸ್ವಲ್ಪ ಮೊದಲು ಪುಟ್ಟ ಮಗ ವಸಿಲಿಸ್ ತೀರಿಕೊಂಡಿದ್ದ. ಹೋದ ಗಂಡುಮಗುವೇ ಮತ್ತೆ ಬರುತ್ತದೆಂದು ಕಾದವರಿಗೆ ಹೆಣ್ಣು ಹುಟ್ಟಿತು. ನಾಲ್ಕು ದಿನ ಮಗುವಿನ ಮುಖ ನೋಡಲಿಲ್ಲವೆಂದು ಜೀವನಚರಿತ್ರೆಗಳು ಹೇಳುತ್ತವೆ. ಅಕ್ಕ ಜಾಕಿ ತೆಳ್ಳಗೆ, ಚೆಲುವೆ. ಮರಿಯಾ ದಪ್ಪ, ದಪ್ಪಗಾಜಿನ ಕನ್ನಡಕ. ಆದರೆ ಗಂಟಲಿತ್ತು. ಹಾಡುವಾಗ ಮಾತ್ರ ತನ್ನನ್ನು ಪ್ರೀತಿಸುತ್ತಾರೆ ಎನಿಸುತ್ತಿತ್ತೆಂಬ ಅರ್ಥದ ಮಾತನ್ನು ಆಕೆಯೇ ಮುಂದೆ ಹೇಳಿದ್ದಾರೆ. 1937ರಲ್ಲಿ ತಾಯಿ ಗಂಡನನ್ನು ನ್ಯೂಯಾರ್ಕಿನಲ್ಲೇ ಬಿಟ್ಟು ಇಬ್ಬರು ಹೆಣ್ಣುಮಕ್ಕಳೊಂದಿಗೆ ಅಥೆನ್ಸಿಗೆ ಮರಳಿದರು.

ಇಲ್ಲಿ ನನಗೆ ಬೇಕಾದ ಸಂಗತಿ ಸಿಕ್ಕಿತು. ಅಥೆನ್ಸ್ ಕನ್ಸರ್ವೇಟರಿಯಲ್ಲಿ ಗುರುವಾಗಿದ್ದ ಸ್ಪೇನಿನ ಗಾಯಕಿ ಎಲ್ವಿರಾ ದೆ ಹಿದಾಲ್ಗೊ ನೆನಪಿಸಿಕೊಂಡ ಹಾಗೆ, ಈ ಹುಡುಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ರಾತ್ರಿ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದರು. ತಮ್ಮ ಪಾಠ ಮುಗಿದ ಮೇಲೂ ಮೂಲೆಯಲ್ಲಿ ಕುಳಿತು ಉಳಿದವರ ಪಾಠಗಳನ್ನೆಲ್ಲ ಕೇಳಿಸಿಕೊಳ್ಳುವುದು, ಗಂಡು ದನಿಗೆ ಬರೆದ ಹಾಡುಗಳನ್ನೂ ಸೇರಿಸಿ. ಗುರುಕುಲ ಕಂಡ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಕಷ್ಟವಿದ್ದುದರಿಂದ ಹೀಗೆ ಹಾಡಿದರು ಎಂದು ನಾನು ಮೊದಲ ಸಲ ಹೇಳಿದ್ದೆ. ಕಷ್ಟ ಜಾಕಿಗೂ ಇತ್ತು, ಯುದ್ಧಕಾಲದ ಅಥೆನ್ಸಿನಲ್ಲಿ ಎಲ್ಲರಿಗೂ ಇತ್ತು. ದಿನಕ್ಕೆ ಹತ್ತು ಗಂಟೆ ಆ ಮೂಲೆಯಲ್ಲಿ ಕುಳಿತವರು ಒಬ್ಬರೇ.

ಮುಂದೆ ತಾಯಿ–ಮಗಳ ಸಂಬಂಧ ಹರಿಯಿತು. 1956ರ ಅಕ್ಟೋಬರ್ 29ರಂದು ಆಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಬಾರಿಗೆ ಹಾಡಲಿದ್ದ ಹೊತ್ತಿಗೆ ಸರಿಯಾಗಿ ‘ಟೈಮ್’ ಪತ್ರಿಕೆ ಮುಖಪುಟದಲ್ಲಿ ಆಕೆಯ ಚಿತ್ರ ಹಾಕಿ, ಹಣ ಕೇಳಿದ ತಾಯಿಗೆ ಆಕೆ ಬರೆದಿದ್ದ ಕಟುವಾದ ಉತ್ತರವನ್ನು ಒಳಗೆ ಅಚ್ಚು ಮಾಡಿತು. ಹುಟ್ಟಿದೂರಿನಲ್ಲಿ ಆಕೆಗೆ ಸಿಕ್ಕ ಸ್ವಾಗತ ಅದು. ಈ ಭಾಗ ಓದಿ ತೋರಿಸಿದಾಗ ನನ್ನ ಅತ್ತೆ, “ಹೆತ್ತವಳಿಗೆ ಅನ್ನ ಹಾಕದವಳ ಹಾಡು ಯಾರಿಗೆ ಬೇಕು?” ಎಂದರು. ಮಗಳು, “ಅಜ್ಜಿ, ನೋಡದೇ ಬಿಟ್ಟ ನಾಲ್ಕು ದಿನದ ಲೆಕ್ಕ ಯಾರು ಕೊಡುತ್ತಾರೆ?” ಎಂದಳು. ಅಡುಗೆಮನೆಯಲ್ಲಿ ಅರ್ಧ ಗಂಟೆ ಜಗಳ. ನಾನು ಇಬ್ಬರ ಮಾತನ್ನೂ ಟಿಪ್ಪಣಿಗೆ ಸೇರಿಸಿಕೊಂಡೆ.

ಗಂಡ ಜಿಯೊವಾನಿ ಬತಿಸ್ತಾ ಮೆನೆಗಿನಿಯ ವಿಷಯ ಬೇಗ ಮುಗಿಸಿದೆ. ವೆರೋನಾದ ಇಟ್ಟಿಗೆ ಕಾರ್ಖಾನೆಗಳ ಧಣಿ. 1947ರ ಬೇಸಿಗೆಯಲ್ಲಿ ಆಕೆ ಅಲ್ಲಿನ ಪುರಾತನ ರೋಮನ್ ಬಯಲು ರಂಗದಲ್ಲಿ ಹಾಡಲು ಬಂದಾಗ ಪರಿಚಯ. ಆಕೆಗೆ ಇಪ್ಪತ್ತಮೂರು, ಅವರಿಗೆ ಐವತ್ತು ದಾಟಿತ್ತು. 1949ರ ಏಪ್ರಿಲ್‌ನಲ್ಲಿ ಮದುವೆ, ಬೆನ್ನಿಗೇ ಆಕೆ ಒಬ್ಬರೇ ಅರ್ಜೆಂಟೀನಾಕ್ಕೆ ಹಡಗು ಹತ್ತಿದರು. ಅವರು ಆಕೆಯ ವ್ಯವಹಾರವನ್ನೆಲ್ಲ ನೋಡಿಕೊಂಡರು, ಸಂಭಾವನೆಯನ್ನು ಏರಿಸುತ್ತಲೇ ಹೋದರು. ಒಳ್ಳೆಯ ಗಂಡನೋ ಒಳ್ಳೆಯ ಕಂಟ್ರಾಕ್ಟರೋ ಎಂದು ನಾನು ತೀರ್ಮಾನಿಸಲು ಹೋಗಲಿಲ್ಲ.

ಸಂಜೆಯ ಹೂರಣ ಬೇರೆಯೇ ಇತ್ತು. ಇಟಲಿಯ ಸಂಯೋಜಕ ಬೆಲ್ಲಿನಿಯ ‘ನಾರ್ಮಾ’ ಒಪೆರಾವನ್ನು ಕಾಲಸ್ ಸ್ಟುಡಿಯೋದಲ್ಲಿ ಎರಡು ಬಾರಿ ಪೂರ್ತಿಯಾಗಿ ಹಾಡಿ ಮುದ್ರಿಸಿದ್ದಾರೆ, 1954ರಲ್ಲಿ ಮತ್ತು 1960ರಲ್ಲಿ. ಎರಡಕ್ಕೂ ವಾದ್ಯವೃಂದ ನಡೆಸಿದವರು ತುಲಿಯೊ ಸೆರಾಫಿನ್. ಅದೇ ಗಾಯಕಿ, ಅದೇ ನಿರ್ದೇಶಕ, ಅದೇ ಹಾಡು, ಆರು ವರ್ಷದ ಅಂತರ. ಖಾಸಗಿ ಬದುಕು ದನಿಯನ್ನು ಏನು ಮಾಡಿತು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಎಲ್ಲಿ ಸಿಕ್ಕೀತು?

‘ಕಾಸ್ತಾ ದೀವಾ’ ಎಂಬ ಚಂದ್ರಸ್ತುತಿಯಿಂದ ಎರಡೆರಡು ನಿಮಿಷದ ತುಂಡುಗಳನ್ನು ಕತ್ತರಿಸಿಕೊಂಡೆ. ಮೊದಲು ಹಾಗೆಯೇ ಹಾಕಿ ಕೇಳಿದಾಗ 1960ರದ್ದೇ ಎಲ್ಲ ರೀತಿಯಲ್ಲೂ ಚೆನ್ನಾಗಿ ಕೇಳಿಸಿತು. ಅನುಮಾನ ಬಂತು. 1954ರದ್ದು ಮೋನೋ, 1960ರದ್ದು ಸ್ಟೀರಿಯೋ, ಕಿವಿ ಮೋಸಹೋಗುತ್ತಿತ್ತು. ಎರಡನ್ನೂ ಮೋನೋ ಮಾಡಿ, ದನಿಯ ಮಟ್ಟ ಸಮ ಮಾಡಿದೆ. ಆಗ ವ್ಯತ್ಯಾಸ ಬಯಲಾಯಿತು. ಹಾಡು ಮೆಲ್ಲಗೆ ಮೇಲೇರಿ ಒಂದು ತಾರಸ್ವರವನ್ನು ಮತ್ತೆ ಮತ್ತೆ ತಟ್ಟಿ, ಕೊನೆಗೆ ಅದಕ್ಕೂ ಮೇಲಿನ ಸ್ವರಕ್ಕೆ ಹತ್ತುವ ಜಾಗವಿದೆ. 1954ರಲ್ಲಿ ಅಲ್ಲಿ ದನಿ ದೀಪದ ಕುಡಿಯಂತೆ ನಿಲ್ಲುತ್ತದೆ. 1960ರಲ್ಲಿ ಅದೇ ಕುಡಿಗೆ ಗಾಳಿ ತಾಗುತ್ತದೆ, ಸ್ವರ ಅಗಲವಾಗಿ ತೂಗುತ್ತದೆ.

ಹಾಡಿನ ಸಾಲುಗಳನ್ನು ಕನ್ನಡದಲ್ಲಿ ಸರಳವಾಗಿ ಬರೆದು ಜೆರಾಕ್ಸ್ ಮಾಡಿಸಿದೆ. ಕಥೆಯನ್ನೂ ನಾಲ್ಕು ಸಾಲಿನಲ್ಲಿ ಹಾಕಿದೆ: ರೋಮನ್ನರ ಆಳ್ವಿಕೆಯಲ್ಲಿರುವ ಗಾಲ್ ನಾಡು, ನಾರ್ಮಾ ಅಲ್ಲಿನ ಅರ್ಚಕಿ, ವ್ರತಸ್ಥೆ, ಗುಟ್ಟಾಗಿ ಶತ್ರುಪಡೆಯ ಅಧಿಕಾರಿಯಿಂದ ಎರಡು ಮಕ್ಕಳನ್ನು ಪಡೆದಿದ್ದಾಳೆ, ಅವನು ಈಗ ಇನ್ನೊಬ್ಬಳನ್ನು ಬಯಸುತ್ತಿದ್ದಾನೆ. ಕಾಲಸ್ ಬದುಕಿಗೂ ಇದಕ್ಕೂ ಹೋಲಿಕೆ ಹಚ್ಚಲು ನಾಲಗೆ ತುರಿಸುತ್ತದೆ. ತಡೆದುಕೊಂಡೆ, ಆಕೆ ಈ ಪಾತ್ರವನ್ನು ಮೊದಲು ಹಾಡಿದ್ದು 1948ರಲ್ಲಿ, ಒನಾಸಿಸ್ ಹೆಸರೂ ಆಕೆಯ ಬದುಕಿನಲ್ಲಿ ಇಲ್ಲದ ಕಾಲದಲ್ಲಿ.

ತಾರೀಕುಗಳನ್ನು ಮೊದಲ ಕಂಬದಲ್ಲಿ ಸಾಲಾಗಿ ಬರೆದದ್ದರ ಲಾಭ ಇಲ್ಲೇ ಸಿಕ್ಕಿತು. ಪ್ರೇಮ ದನಿಯನ್ನು ತಿಂದಿತು ಎಂಬುದು ಎಲ್ಲರಿಗೂ ಪ್ರಿಯವಾದ ವಿವರಣೆ. ಆದರೆ 1958ರ ಜನವರಿ 2ರಂದೇ ರೋಮಿನಲ್ಲಿ, ಇಟಲಿಯ ಅಧ್ಯಕ್ಷರು ಕುಳಿತಿದ್ದ ‘ನಾರ್ಮಾ’ ಪ್ರದರ್ಶನದಲ್ಲಿ, ಗಂಟಲು ಕೈಕೊಟ್ಟು ಆಕೆ ಮೊದಲ ಅಂಕದ ನಂತರ ಮುಂದುವರಿಯಲಿಲ್ಲ. ದೇಶಕ್ಕೇ ಅವಮಾನ ಮಾಡಿದಳೆಂದು ಪತ್ರಿಕೆಗಳು ಕೂಗಾಡಿದವು; ವರ್ಷಗಳ ನಂತರ ನ್ಯಾಯಾಲಯ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಒನಾಸಿಸ್‌ನ ‘ಕ್ರಿಸ್ಟಿನಾ’ ಹಡಗಿನ ಪ್ರವಾಸ ನಡೆದದ್ದು 1959ರ ಬೇಸಿಗೆಯಲ್ಲಿ. ದನಿಯ ನಡುಕ ಪ್ರೇಮಕ್ಕಿಂತ ಮೊದಲೇ ಬಂದಿತ್ತು. ತೂಕ ಇಳಿಸಿದ್ದು ಕಾರಣ ಎನ್ನುವವರಿದ್ದಾರೆ. 1953–54ರಲ್ಲಿ ಸುಮಾರು 36 ಕಿಲೋ ಇಳಿಸಿದ್ದು ನಿಜ, ಆದರೆ ಆ ದೀಪದ ಕುಡಿಯಂಥ ‘ನಾರ್ಮಾ’ ಮುದ್ರಣವಾದದ್ದೂ ಅದೇ ಹೊತ್ತಿನಲ್ಲಿ. ಇಪ್ಪತ್ತೈದರ ವಯಸ್ಸಿನಲ್ಲೇ ಅತಿ ಭಾರದ ಪಾತ್ರಗಳನ್ನು ಹೊತ್ತದ್ದು ನನ್ನ ಮಟ್ಟಿಗೆ ದೊಡ್ಡ ಕಾರಣ. 1949ರ ಜನವರಿಯಲ್ಲಿ ವೆನಿಸ್‌ನಲ್ಲಿ ಜರ್ಮನ್ ಸಂಯೋಜಕ ವಾಗ್ನರನ ಬ್ರುನ್‌ಹಿಲ್ಡ್ ಪಾತ್ರ ಹಾಡುತ್ತಿದ್ದಾಗಲೇ, ಇನ್ನೊಬ್ಬ ಗಾಯಕಿ ಕಾಯಿಲೆ ಬಿದ್ದರೆಂದು ಬೆಲ್ಲಿನಿಯ ಎಲ್ವಿರಾ ಪಾತ್ರವನ್ನು ಒಂದು ವಾರದಲ್ಲಿ ಕಲಿತು ಹಾಡಿದರು. ಒಂದು ಕಲ್ಲು ಹೊರುವ ಕೆಲಸ, ಇನ್ನೊಂದು ಕಸೂತಿ. ಮೈಕ್ ಇಲ್ಲದೆ. ಜಯವೇ ಜಯ ಸಿಕ್ಕಿತು. ಅದರ ಬಿಲ್ಲು ನಿಧಾನವಾಗಿ ಬಂತು.

ಒನಾಸಿಸ್‌ಗೆ ಈ ಸಲ ಕೊಟ್ಟದ್ದು ನಾಲ್ಕು ನಿಮಿಷ. 1968ರ ಅಕ್ಟೋಬರ್ 20ರಂದು ಅವನು ಜಾಕ್ವೆಲಿನ್ ಕೆನಡಿಯನ್ನು ಮದುವೆಯಾದ. ಅದಕ್ಕೆ ಮೂರು ವರ್ಷ ಮೊದಲೇ, 1965ರ ಜುಲೈ 5ರಂದು, ಲಂಡನ್ನಿನ ಕೊವೆಂಟ್ ಗಾರ್ಡನ್‌ನಲ್ಲಿ ‘ತೋಸ್ಕಾ’ ಹಾಡಿ ಕಾಲಸ್ ಒಪೆರಾ ರಂಗದಿಂದ ಇಳಿದಿದ್ದರು. ಆಮೇಲೆ ಹತ್ತಿದ್ದು ಕಛೇರಿ ವೇದಿಕೆಗಳನ್ನು ಮಾತ್ರ, 1974ರ ನವೆಂಬರ್‌ನಲ್ಲಿ ಜಪಾನಿನ ಸಪ್ಪೊರೊದವರೆಗೆ. ಅವನು 1975ರ ಮಾರ್ಚ್‌ನಲ್ಲಿ ತೀರಿಕೊಂಡ, ಆಕೆ 1977ರ ಸೆಪ್ಟೆಂಬರ್ 16ರಂದು, ಐವತ್ತಮೂರರ ವಯಸ್ಸಿನಲ್ಲಿ.

ಆ ಭಾನುವಾರ ಹದಿನೇಳು ಜನ ಬಂದರು. ಆರಂಭದಲ್ಲೇ ಕರೆಂಟು ಹೋಗಿ ಹತ್ತು ನಿಮಿಷ ವ್ಯರ್ಥವಾಯಿತು. ಎರಡು ತುಂಡುಗಳನ್ನೂ ವರ್ಷ ಹೇಳದೆ ಹಾಕಿದೆ. ವೀಣೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಎರಡನೆಯದು ಮೇಲಿನ ಸ್ವರಕ್ಕೆ ಹೋದಾಗ ತೊಡೆಯ ಮೇಲಿದ್ದ ಬೆರಳು ತಟ್ಟನೆ ನಿಂತಿತು.

“ಇದು ಕಂಪಿತವಲ್ಲ, ನಡುಕ. ಕಂಪಿತವನ್ನು ನಾವು ಮಾಡುತ್ತೇವೆ; ಇದು ತಾನಾಗಿ ಆಗುತ್ತಿದೆ” ಎಂದರು. ನಾನು ವರ್ಷಗಳನ್ನು ಹೇಳಿದೆ. ಅವರು ಜೆರಾಕ್ಸ್ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, “ಆದರೆ ಸಾಹಿತ್ಯ ನನಗೆ ತಲುಪಿದ್ದು ಎರಡನೆಯದರಲ್ಲೇ. ಮೊದಲನೆಯದರಲ್ಲಿ ದನಿ ಕೇಳಿದೆ, ಇದರಲ್ಲಿ ಬೇಡಿಕೆ ಕೇಳಿಸಿತು” ಎಂದರು. ಅಲ್ಲಿಂದ ಮಾತು ಹೊತ್ತಿಕೊಂಡಿತು. ನಡುಗುವ ಸ್ವರವನ್ನು ಅಪಸ್ವರ ಎನ್ನಬೇಕೇ, ವಯಸ್ಸಾದ ಮೇಲೆ ವಿದ್ವಾಂಸರು ಶ್ರುತಿ ಇಳಿಸಿಕೊಳ್ಳುವ ಹಾಗೆ ಆಕೆ ಏಕೆ ಇಳಿಸಿಕೊಳ್ಳಲಿಲ್ಲ, ವಾದ್ಯವೃಂದ ಒಪ್ಪುವುದಿಲ್ಲವೇ. ಒನಾಸಿಸ್ ಬಗ್ಗೆ ಯಾರೂ ಕೇಳಲಿಲ್ಲ; ಅದು ನನಗೆ ಒಳಗೊಳಗೇ ಖುಷಿ.

ಕಾಫಿ ಬರುವ ಹೊತ್ತಿಗೆ, ಮೂಲೆಯಲ್ಲಿ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು, “ಅವರ ಅಮ್ಮ ಮತ್ತೆ ಬಂದರೇ, ಆಂಟಿ?” ಎಂದು ಕೇಳಿದಳು.

1950ರಲ್ಲಿ ಮೆಕ್ಸಿಕೋದಲ್ಲಿ ಇಬ್ಬರೂ ಜೊತೆಗಿದ್ದರು, ಅದೇ ಕೊನೆ, ಎಂದೆ. ಕೊನೆಗೆ ಆಕೆಯ ಆಸ್ತಿಯನ್ನು ಹಂಚಿಕೊಂಡವರು ಆ ತಾಯಿ ಮತ್ತು ಬಿಟ್ಟುಬಂದಿದ್ದ ಗಂಡ, ಎಂದೂ ಹೇಳಿದೆ. ಅವಳು ಏನೂ ಹೇಳದೆ ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಮೇಷ್ಟ್ರು ಲೋಟ ಕೆಳಗಿಟ್ಟರು. “ಆ ಎರಡನೆಯದನ್ನು ಇನ್ನೊಮ್ಮೆ ಹಾಕಮ್ಮ. ಈ ಸಲ ಸಮ ಮಾಡಬೇಡಿ, ಅದು ಹೇಗಿದೆಯೋ ಹಾಗೆಯೇ ಇರಲಿ.”